ಗಾಳಿತಿರುಪು

ತೆರೆದಿದ್ದೆ ಎಂದು ಬಲಗೈಯ ಎರಡು ಬೆರಳುಗಳು ಹೇಳುತ್ತಿದ್ದವು. ಅವಳಿಗೆ ಮಾತ್ರ ನೆನಪಿರಲಿಲ್ಲ. ಒಂಬತ್ತು ವರ್ಷದಿಂದ ದಿನಕ್ಕೆ ನಾಲ್ಕು ಸಲ ಮಾಡಿಕೊಂಡು ಬಂದ ಕೆಲಸ ಅದು. ಬೋಟು ಹತ್ತಿದ ಕೂಡಲೇ ಪೆಟ್ರೋಲ್ ಟ್ಯಾಂಕಿನ ಮುಚ್ಚಳದ ನೆತ್ತಿಯಲ್ಲಿರುವ ಪುಟ್ಟ ಗಾಳಿತಿರುಪನ್ನು ಎರಡು ಸುತ್ತು ಸಡಿಲ ಮಾಡಬೇಕು. ದಡ ಸೇರಿ ಹಗ್ಗ ಬಿಗಿದ ಮೇಲೆ, ಅಲೆಗೆ ಪೆಟ್ರೋಲ್ ತುಳುಕದ ಹಾಗೆ, ಮತ್ತೆ ಎರಡು ಸುತ್ತು ಬಿಗಿ ಮಾಡಬೇಕು. ಆ ಜೆಟ್ಟಿಯ ಎಲ್ಲ ಬೋಟಿನವರ ಪದ್ಧತಿ ಅದು. ತಿರುಪು ಸಡಿಲ ಮಾಡದಿದ್ದರೆ ಟ್ಯಾಂಕಿಗೆ ಗಾಳಿ ಹೋಗುವುದಿಲ್ಲ, ಗಾಳಿ ಹೋಗದಿದ್ದರೆ ಪೆಟ್ರೋಲ್ ಈಚೆ ಬರುವುದಿಲ್ಲ, ಮೋಟಾರು ಒಂದಷ್ಟು ದೂರ ಓಡಿ ಉಸಿರು ಕಟ್ಟಿ ನಿಲ್ಲುತ್ತದೆ. ಸಾವಿರ ಸಲ ಮಾಡಿದ ಕೆಲಸವನ್ನು ಯಾರು ನೆನಪಿಟ್ಟುಕೊಳ್ಳುತ್ತಾರೆ? ಬೆಳಿಗ್ಗೆ ಮನೆಗೆ ಬೀಗ ಹಾಕಿದೆಯಾ ಎಂದು ಯಾರಾದರೂ ಕೇಳಿದರೆ ಹಾಕಿದೆ ಅನ್ನಬಹುದು. ಆಣೆ ಮಾಡು ಅಂದರೆ ಆಗುವುದಿಲ್ಲ. ನಿನ್ನೆ ನೀರಿನ ನಡುವೆ ಅವಳಿಗೆ ಆದದ್ದೂ ಅಷ್ಟೇ. ಆದರೆ ನಿನ್ನೆ ಕೇಳಿದವನು ಅಣ್ಣ, ಕೇಳಿಸಿಕೊಂಡವರು ಶಾಲೆಗೆ ಹೊರಟಿದ್ದ ಹನ್ನೊಂದು ಜನ.

ಇವತ್ತು ಭಾನುವಾರ. ಆಚೆ ದಡದ ಶಾಲೆಗೆ ರಜೆ, ಆದ್ದರಿಂದ ಟ್ರಿಪ್ಪಿಲ್ಲ, ಜೆಟ್ಟಿಯ ಮೇಲೆ ಜನವೂ ಇಲ್ಲ. ಏಳು ಗಂಟೆಗೇ ಬಂದು ಬೋಟಿನ ಹಿಂಬದಿಯಲ್ಲಿ ಗೋಣಿತಾಟು ಹಾಸಿ, ಸ್ಪ್ಯಾನರು, ಸ್ಕ್ರೂಡ್ರೈವರು, ಚಿಂದಿ ಬಟ್ಟೆ, ಖಾಲಿ ಡಬ್ಬಿ ಎಲ್ಲವನ್ನೂ ಸಾಲಾಗಿ ಇಟ್ಟುಕೊಂಡು ಕೂತಿದ್ದಳು. ಹನ್ನೊಂದು ಗಂಟೆಗೆ ಅಣ್ಣ ಬರುತ್ತಾನೆ, ಜೊತೆಯಲ್ಲಿ ಅತ್ತಿಗೆಯ ತಮ್ಮನನ್ನು ಕರೆತರುತ್ತಾನೆ. ನಾಳೆಯಿಂದ ಬೋಟು ಓಡಿಸುವವನು ಅವನಂತೆ. ನಿನ್ನೆ ಸಂಜೆ ಮನೆಯ ಬಾಗಿಲಲ್ಲಿ ನಿಂತು ಅಣ್ಣ ಇದನ್ನು ಎಷ್ಟು ಮೆತ್ತಗೆ ಹೇಳಿದನೆಂದರೆ, ಕೋಪ ಮಾಡಿಕೊಳ್ಳಲೂ ಜಾಗ ಬಿಡಲಿಲ್ಲ. ನಿನಗೂ ಸುಸ್ತಾಗಿದೆ, ಎಷ್ಟು ವರ್ಷ ಅಂತ ಒಬ್ಬಳೇ ಎಳೀತೀಯ, ಸ್ವಲ್ಪ ದಿನ ಮನೇಲಿರು, ನಿನ್ನ ಒಳ್ಳೇದಕ್ಕೇ ಅಲ್ವಾ. ಒಳ್ಳೆಯದು ಅನ್ನುವ ಮಾತು ಕೇಳಿದಾಗಲೆಲ್ಲ ತನ್ನ ಕೈಯಿಂದ ಏನೋ ಒಂದು ಹೋಗುತ್ತದೆ ಅನ್ನುವುದು ನಲವತ್ತಮೂರು ವರ್ಷದಲ್ಲಿ ಅವಳಿಗೆ ತಿಳಿದುಹೋಗಿತ್ತು. ಒಳಗೆ ಹೋಗಿ ಒಲೆ ಹಚ್ಚಿದಳು. ಅನ್ನ ಸೀದುಹೋಯಿತು.

ಬೋಟು ಅಣ್ಣನ ಹೆಸರಿನಲ್ಲಿತ್ತು, ಓಡಿಸುವ ಲೈಸೆನ್ಸು ಅವಳ ಹೆಸರಿನಲ್ಲಿ. ಮೋಟಾರು ಯಾರ ಹೆಸರಿನಲ್ಲೂ ಇರಲಿಲ್ಲ, ಅಷ್ಟು ಹಳೆಯದು. ಅದರ ಕಾಗದಪತ್ರ ಅಪ್ಪನ ಕಾಲದಲ್ಲೇ ಗೆದ್ದಲು ಪಾಲಾಗಿತ್ತು. ಅಪ್ಪ ಹೋದ ಮೇಲೆ ಅದರ ಹೊಟ್ಟೆ ಕರುಳು ಬಿಚ್ಚಿ ನೋಡಿದವಳು ಅವಳೊಬ್ಬಳೇ. ಈಗ ದೋಷ ಮೋಟಾರಿನದು ಎಂದು ಸಾಬೀತಾದರೆ ಅಣ್ಣ ಅದನ್ನು ಗುಜರಿಗೆ ಹಾಕುತ್ತಾನೆ. ದೋಷ ತನ್ನದು ಎಂದು ಸಾಬೀತಾದರೆ ತನ್ನನ್ನೇ ಗುಜರಿಗೆ ಹಾಕುತ್ತಾನೆ. ಹೀಗೆ ಯೋಚಿಸಿ ಅವಳಿಗೆ ನಗು ಬಂತು, ನಗುತ್ತಲೇ ಟ್ಯಾಂಕಿನ ಮುಂದೆ ಮಂಡಿಯೂರಿದಳು. ಪೆಟ್ರೋಲ್ ಬರೋ ದಾರೀಲೇ ನೀನೂ ಬಾ, ಅನ್ನುತ್ತಿದ್ದ ಅಪ್ಪ. ಮೊದಲು ಟ್ಯಾಂಕು, ಆಮೇಲೆ ಪೈಪು, ನಡುವೆ ಹಿಚುಕಿ ಪೆಟ್ರೋಲ್ ಏರಿಸುವ ರಬ್ಬರ್ ಬಲ್ಬು, ಫಿಲ್ಟರು, ಪಂಪು, ಕೊನೆಗೆ ಕಾರ್ಬ್ಯುರೇಟರು. ಅಣ್ಣ ಯಾವಾಗಲೂ ತದ್ವಿರುದ್ಧ. ಮೋಟಾರು ಕೆಮ್ಮಿದರೆ ಸಾಕು, ತಲೆಯ ಮುಚ್ಚಳ ಕಿತ್ತು ಕಾರ್ಬ್ಯುರೇಟರಿಗೇ ಕೈ ಹಾಕುತ್ತಿದ್ದ, ಬಿಚ್ಚಿದ್ದನ್ನು ಜೋಡಿಸಲು ಬರದೆ ಅಪ್ಪನ ಮುಖ ನೋಡುತ್ತಿದ್ದ. ಒಂದು ಸಲ ವೇಗ ತಗ್ಗಿಸದೆ ಬಂದು ಜೆಟ್ಟಿಗೇ ಗುದ್ದಿದ್ದ. ಎರಡು ಹಲಗೆ ಮುರಿದುಬಿದ್ದವು. ಜೆಟ್ಟಿ ಹಳೇದಾಗಿತ್ತು ಬಿಡು, ಅಂದಿದ್ದ ಅಪ್ಪ. ಅಲ್ಲಿದ್ದವರೆಲ್ಲ ಅದನ್ನೇ ಹೇಳಿದರು, ಹೌದು ಹೌದು, ಜೆಟ್ಟಿ ಹಳೆಯದು. ಅಣ್ಣನಿಗೆ ಯಾರೋ ಟೀ ತಂದುಕೊಟ್ಟರು. ಅವಳಿಗೆ ಆಗ ಹದಿನೇಳು, ಹಗ್ಗ ಹಿಡಿದು ನಿಂತಿದ್ದಳು, ಅವಳಿಗೆ ಟೀ ಬರಲಿಲ್ಲ.

ಬೋಟನ್ನು ಮುಂದೆ ಹಿಂದೆ ಎರಡು ಹಗ್ಗದಲ್ಲಿ ಭದ್ರವಾಗಿ ಕಟ್ಟಿ, ಗಾಳಿತಿರುಪನ್ನು ಸಡಿಲಿಸಿದಳು. ಸಡಿಲಿಸುತ್ತಿದ್ದೇನೆ ಎಂದು ಬಾಯಿಬಿಟ್ಟು ತನಗೆ ತಾನೇ ಹೇಳಿಕೊಂಡಳು, ಈ ಸಲವಾದರೂ ನೆನಪಿರಲಿ ಎಂದು. ಬಲ್ಬನ್ನು ಗಟ್ಟಿಯಾಗುವ ತನಕ ಹಿಚುಕಿ, ಮೋಟಾರು ಸ್ಟಾರ್ಟ್ ಮಾಡುವ ಹಗ್ಗ ಎಳೆದಳು. ಎರಡನೇ ಎಳೆತಕ್ಕೆ ಮೋಟಾರು ಎದ್ದಿತು. ಗೇರಿಗೆ ಹಾಕಿ, ಕಟ್ಟಿದ ಬೋಟು ಹಗ್ಗವನ್ನು ಜಗ್ಗುವಷ್ಟು ವೇಗ ಕೊಟ್ಟು, ವಾಚು ನೋಡಿದಳು. ಐದು ನಿಮಿಷ, ಹತ್ತು ನಿಮಿಷ. ನೀರು ಹಿಂದೆ ನೊರೆಯಾಗಿ ಹೋಗುತ್ತಿತ್ತು, ಬೋಟು ಇದ್ದಲ್ಲೇ ಇತ್ತು. ನಿನ್ನೆ ಹೀಗೇ ಚೆನ್ನಾಗಿ ಓಡುತ್ತಿದ್ದಾಗಲೇ ಹೆಡ್‌ಮಿಸ್ಟ್ರೆಸ್ಸು ಅವಳ ಕಡೆ ತಿರುಗಿ, ಇವತ್ತು ಬೇಗ ತಲುಪುತ್ತೇವಲ್ಲ ಎಂದು ನಕ್ಕಿದ್ದರು. ಮೋಟಾರು ನಿಲ್ಲುವ ಹೊತ್ತಿಗೆ ಹೊರಟು ಎಷ್ಟು ಹೊತ್ತಾಗಿತ್ತು? ಹೊರಟಾಗ ಆಚೆ ದಡದ ಶಾಲೆಯ ಎಂಟರ ಗಂಟೆ ನೀರಿನ ಮೇಲಿಂದ ತೇಲಿ ಬರುತ್ತಿತ್ತು. ನಿಂತಾಗ ಹೆಡ್‌ಮಿಸ್ಟ್ರೆಸ್ಸು ಕೈಚೀಲವನ್ನು ಮಡಿಲಿಗೆ ಎಳೆದುಕೊಂಡು ಫೋನು ತೆಗೆದು, ಎಂಟು ಇಪ್ಪತ್ತೆರಡಾಯಿತು, ಪ್ರಾರ್ಥನೆ ನೀವೇ ಮುಗಿಸಿಬಿಡಿ, ಬೋಟಿನವಳು ಏನೋ ಮರೆತಿದ್ದಾಳೆ ಅಂದಿದ್ದರು. ಅಣ್ಣ ಆಗಿನ್ನೂ ಬಂದೇ ಇರಲಿಲ್ಲ. ಗಾಳಿತಿರುಪು ಅಂದರೇನೆಂದು ಆ ಹೆಂಗಸಿಗೆ ಗೊತ್ತೂ ಇರಲಿಲ್ಲ. ಆದರೂ ಮರೆತಿದ್ದಾಳೆ ಅನ್ನುವುದು ಮಾತ್ರ ಎಷ್ಟು ಬೇಗ ಗೊತ್ತಾಗಿಬಿಟ್ಟಿತ್ತು. ಆಮೇಲೆ ಐಸ್ ಫ್ಯಾಕ್ಟರಿಯ ಬೋಟಿನಲ್ಲಿ ಅಣ್ಣ ಬಂದದ್ದು, ಹಗ್ಗ ಎಸೆದದ್ದು, ಅವಳು ಹಿಡಿಯಲು ತಪ್ಪಿ ಅದು ನೀರಿಗೆ ಬಿದ್ದದ್ದು, ಮೇಷ್ಟರೊಬ್ಬರು ಅದನ್ನು ಎತ್ತಿಕೊಟ್ಟದ್ದು. ಈ ಬೋಟಿಗೆ ದಾಟಿ ಬಂದ ಅಣ್ಣ ಎಲ್ಲರ ಮುಂದೆ, ಗಾಳಿತಿರುಪು ತೆಗೆದಿದ್ಯಾ ಎಂದು ಕೇಳಿದ. ಬಾಯಿ ತೆರೆದಳು, ಮಾತು ಬರಲಿಲ್ಲ. ಅಣ್ಣ ಅವಳ ಉತ್ತರಕ್ಕೆ ಕಾಯದೆ ಬಗ್ಗಿ ಮುಚ್ಚಳದ ಮೇಲೆ ಕೈಯಿಟ್ಟು ಏನೋ ಮಾಡಿ, ಸರಿ ಬಿಡು ಅಂದ. ಅವನು ಬಿಗಿಯಿದ್ದದ್ದನ್ನು ಬಿಚ್ಚಿದನೋ, ಬಿಚ್ಚಿದ್ದನ್ನೇ ಮುಟ್ಟಿ ನೋಡಿದನೋ, ಅವನ ಬೆನ್ನು ಅಡ್ಡವಿತ್ತು, ಕಾಣಲಿಲ್ಲ. ಶಾಲೆಯ ದಡಕ್ಕೆ ಎಳೆದುಕೊಂಡು ಹೋದ ಮೇಲೆ ಮೋಟಾರು ಒಂದೇ ಎಳೆತಕ್ಕೆ ಎದ್ದು ಸುಸೂತ್ರವಾಗಿ ಓಡಿತಲ್ಲ, ಅದು ಅವಳ ಮುಖಕ್ಕೆ ಹೊಡೆದ ಹಾಗಾಯಿತು. ಮೋಟಾರೂ ಅಣ್ಣನ ಪಕ್ಷವೇ ವಹಿಸಿತ್ತು.

ಹತ್ತೊಂಬತ್ತು ನಿಮಿಷಕ್ಕೆ ಸದ್ದು ಬದಲಾಯಿತು. ಮೊದಲು ಸಣ್ಣಗೆ ಏದುಸಿರು, ಆಮೇಲೆ ಒಂದು ಏಟು ತಪ್ಪಿ ಇನ್ನೊಂದು. ತಟ್ಟನೆ ಬಲ್ಬಿಗೆ ಕೈ ಹಾಕಿದಳು. ಗಟ್ಟಿಯಾಗಿರಬೇಕಾದ ರಬ್ಬರು ಒಳಕ್ಕೆ ಎಳೆದುಕೊಂಡು ಚಪ್ಪಟೆಯಾಗಿತ್ತು. ಇಪ್ಪತ್ತೊಂದಕ್ಕೆ ಮೋಟಾರು ನಿಂತಿತು. ತಿರುಪು ಎರಡು ಸುತ್ತು ಸಡಿಲವಾಗಿಯೇ ಇತ್ತು. ಅವಳ ಎದೆ ಹೊಡೆದುಕೊಳ್ಳತೊಡಗಿತು, ಭಯಕ್ಕಲ್ಲ. ಬಲ್ಬು ಚಪ್ಪಟೆಯಾಗಿದೆ ಅಂದರೆ ಪಂಪು ಎಳೆಯುತ್ತಿದೆ, ಬರಬೇಕಾದ ಕಡೆಯಿಂದ ಬರುತ್ತಿಲ್ಲ. ಅಂದರೆ ಪಂಪು ಕಾರ್ಬ್ಯುರೇಟರುಗಳ ತಪ್ಪಲ್ಲ, ಬಲ್ಬಿಗಿಂತ ಹಿಂದೆ ಎಲ್ಲೋ ಕಟ್ಟಿಕೊಂಡಿದೆ. ಉಳಿದದ್ದು ಎರಡೇ, ಪೈಪು ಮತ್ತು ಟ್ಯಾಂಕಿನೊಳಗಿನ ಕೊಳವೆ. ಪೈಪನ್ನು ಬಿಚ್ಚಿ ತುಟಿಗಿಟ್ಟು ಊದಿದಳು, ಗಾಳಿ ಸಲೀಸಾಗಿ ಹೋಯಿತು, ಬಾಯೆಲ್ಲ ಪೆಟ್ರೋಲ್ ರುಚಿಯಾಯಿತು. ಉಗಿದು, ಟ್ಯಾಂಕಿನ ನೆತ್ತಿಯ ನಾಲ್ಕು ಸ್ಕ್ರೂ ಬಿಚ್ಚಿ ಕೊಳವೆಯನ್ನು ಮೆಲ್ಲಗೆ ಮೇಲೆತ್ತಿದಳು. ಅದರ ಬುಡದಲ್ಲಿ ಬೆರಳ ತುದಿಯಷ್ಟು ದೊಡ್ಡ ಹಿತ್ತಾಳೆ ಜಾಲರಿ. ಜಾಲರಿಯ ಸುತ್ತ ಬೂದುಬಣ್ಣದ ನಯವಾದ ಪೊರೆಯೊಂದು ಅಂಟಿಕೊಂಡಿತ್ತು.

ಉಗುರಿನಿಂದ ಕೆರೆದು ಬೆಳಕಿಗೆ ಹಿಡಿದಳು. ನೂಲು. ಹೊದಿಕೆಯ ನೂಲು. ಅದು ಎಲ್ಲಿಂದ ಬಂತೆಂದು ಅವಳು ಯಾರನ್ನೂ ಕೇಳಬೇಕಾಗಿರಲಿಲ್ಲ. ಮೂರು ತಿಂಗಳ ಹಿಂದೆ ಅಪ್ಪನ ಕಾಲದ ಜಾಲರಿ ಆಲಿಕೆ ಕೈಜಾರಿ ನೀರಿಗೆ ಬಿದ್ದಿತ್ತು. ಬಿತ್ತೆಂದು ಯಾರಿಗೂ ಹೇಳಲಿಲ್ಲ, ಹೇಳಿದರೆ ಅಪ್ಪನ ವಸ್ತು ಉಳಿಸಿಕೊಳ್ಳಲಿಕ್ಕೂ ಬರಲಿಲ್ಲ ಅನ್ನುತ್ತಾರೆಂದು. ಆವತ್ತಿನಿಂದ ಆಯಿಲ್ ಬೆರೆಸಿದ ಪೆಟ್ರೋಲನ್ನು ಟ್ಯಾಂಕಿಗೆ ಸುರಿಯುವಾಗ ಹಳೆಯ ಫ್ಲಾನೆಲ್ ಹೊದಿಕೆಯ ತುಂಡೊಂದನ್ನು ಜಾಲರಿಯಿಲ್ಲದ ಬೇರೊಂದು ಆಲಿಕೆಗೆ ಕಟ್ಟಿ ಸೋಸುತ್ತಿದ್ದಳು. ಒಂದು ಪದರ ಸಾಲದೆಂದು ಎರಡು ಪದರ ಮಾಡಿದ್ದಳು, ಕಣ್ಣಿಗೆ ಕಾಣದ ಕಸವೂ ಒಳಗೆ ಹೋಗಬಾರದೆಂದು. ಕಸ ಹೋಗಲಿಲ್ಲ, ಬಟ್ಟೆಯೇ ಎಳೆಎಳೆಯಾಗಿ ಹೋಯಿತು. ಮೋಟಾರು ಎಳೆಯುವಾಗ ಆ ನೂಲೆಲ್ಲ ಬಂದು ಜಾಲರಿಗೆ ಮುತ್ತುತ್ತದೆ, ಮೋಟಾರು ನಿಂತು ಸ್ವಲ್ಪ ಹೊತ್ತಾದರೆ ಕಳಚಿ ತಳಕ್ಕೆ ಇಳಿಯುತ್ತದೆ. ಅದಕ್ಕೇ ನಿನ್ನೆ ದಡದಲ್ಲಿ ಒಂದೇ ಎಳೆತಕ್ಕೆ ಎದ್ದಿತ್ತು. ಅವಳು ಆ ಬೂದು ಪೊರೆಯನ್ನು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ಕೂತಳು. ನಾಚಿಕೆಯಾಯಿತು. ತಪ್ಪು ತನ್ನದೇ, ಆದರೆ ಆ ತಪ್ಪಲ್ಲ. ಮರೆವಿನ ತಪ್ಪಲ್ಲ. ಅತಿಯಾಗಿ ನೆನಪಿಟ್ಟುಕೊಂಡವಳ ತಪ್ಪು.

ಟ್ಯಾಂಕನ್ನು ಬರಿದು ಮಾಡಿ, ತೊಳೆದು, ಜಾಲರಿಯನ್ನು ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ, ಪಕ್ಕದ ಮೀನುಬೋಟಿನಲ್ಲಿದ್ದ ಜಾಲರಿ ಆಲಿಕೆ ಎರವಲು ತಂದು ಪೆಟ್ರೋಲ್ ತುಂಬಿದಳು, ನಿನ್ನೆ ಎಷ್ಟಿತ್ತೋ ಅಷ್ಟೇ ಮಟ್ಟಕ್ಕೆ. ಅರ್ಧ ಗಂಟೆ ಕಟ್ಟಿದಲ್ಲೇ ಓಡಿಸಿದಳು, ಮೋಟಾರು ಗುಣುಗುಣು ಅನ್ನುತ್ತ ಓಡಿತು, ಬಲ್ಬು ಕಲ್ಲಿನಂತೆ ಗಟ್ಟಿಯಾಗಿತ್ತು. ಇಲ್ಲಿಗೆ ಮುಗಿಯಿತು ಅನ್ನಬಹುದಿತ್ತು. ಆದರೆ ತಲೆಯೊಳಗಿನ ಹುಳ ಸುಮ್ಮನಿರಲಿಲ್ಲ. ನೂಲೂ ಇತ್ತು, ತಿರುಪೂ ಮುಚ್ಚಿತ್ತು, ಎರಡೂ ಆಗಿದ್ದರೆ? ತಾನು ಅದನ್ನೂ ಮಾಡಿ ಇದನ್ನೂ ಮಾಡಿದ್ದರೆ? ಅವಳು ತಿರುಪಿನ ಮೇಲೆ ಬೆರಳಿಟ್ಟಳು. ಬೇಡ ಅನ್ನಿಸಿತು. ಗೊತ್ತಿಲ್ಲದೆ ಇರುವುದರಲ್ಲೂ ಒಂದು ನೆಮ್ಮದಿಯಿದೆ, ಅಣ್ಣನನ್ನು ಮನಸ್ಸಿನಲ್ಲೇ ಬೈದುಕೊಂಡಾದರೂ ಇರಬಹುದು. ಆಮೇಲೆ ಅದೇ ಬೆರಳಿನಿಂದ ತಿರುಪನ್ನು ಎರಡು ಸುತ್ತು ಬಿಗಿ ಮಾಡಿ, ಹಗ್ಗ ಎಳೆದು, ವಾಚನ್ನು ಕೈಯಿಂದ ಬಿಚ್ಚಿ ಟ್ಯಾಂಕಿನ ಮೇಲಿಟ್ಟಳು. ತಿರುಪು ಮುಚ್ಚಿದ್ದರೆ ಈ ಮೋಟಾರು ಎಷ್ಟು ಹೊತ್ತು ಓಡುತ್ತದೆ? ಇಪ್ಪತ್ತೆರಡು ನಿಮಿಷ ಓಡಿಬಿಟ್ಟರೆ ಅಣ್ಣನೇ ಸರಿ, ಬೋಟು ಒಪ್ಪಿಸಿ ಮನೆಗೆ ಹೋಗುತ್ತೇನೆ ಎಂದು ತನಗೆ ತಾನೇ ಮಾತು ಕೊಟ್ಟುಕೊಂಡಳು, ಕೊಟ್ಟ ತಕ್ಷಣ ಯಾಕೆ ಕೊಟ್ಟೆ ಎಂದು ಮರುಗಿದಳು. ನಾಲ್ಕು ನಿಮಿಷ. ಐದು. ಆರರ ಹೊತ್ತಿಗೆ ಟ್ಯಾಂಕಿನ ತಗಡು ಟಕ್ಕೆಂದು ಒಳಕ್ಕೆ ಜಗ್ಗಿತು. ಏಳನೇ ನಿಮಿಷ ಮುಗಿಯುವುದರೊಳಗೆ ಮೋಟಾರು ಉಸಿರು ಕಟ್ಟಿ ನಿಂತಿತು. ನಂಬಿಕೆಯಾಗದೆ ಇನ್ನೊಮ್ಮೆ ಮಾಡಿದಳು. ಮತ್ತೆ ಏಳೇ. ಅಂದರೆ ನಿನ್ನೆ ಮುಚ್ಚಿದ ತಿರುಪಿನಲ್ಲಿ ಹೊರಟಿದ್ದರೆ ಬೋಟು ಜೆಟ್ಟಿಯ ಕಣ್ಣಳತೆಯಲ್ಲೇ ನಿಲ್ಲುತ್ತಿತ್ತು, ಆ ನಡುನೀರಿಗೆ ಬರುತ್ತಲೇ ಇರಲಿಲ್ಲ. ತೆರೆದಿದ್ದಳು. ಈ ಎರಡು ಬೆರಳುಗಳೇ ತೆರೆದಿದ್ದವು. ಅವಳು ಬೆರಳುಗಳನ್ನು ಮುಖದ ಹತ್ತಿರ ತಂದು ನೋಡಿದಳು, ಪೆಟ್ರೋಲ್ ವಾಸನೆಗೋ ಏನೋ ಕಣ್ಣು ಉರಿದು ನೀರು ಬಂತು. ಯಾರೂ ಇರಲಿಲ್ಲ, ಒರೆಸಿಕೊಳ್ಳಲಿಲ್ಲ.

ಅಣ್ಣ ಹನ್ನೊಂದಕ್ಕೆ ಸರಿಯಾಗಿ ಬಂದ. ಅತ್ತಿಗೆಯ ತಮ್ಮ ಮೂವತ್ತರ ಆಸುಪಾಸಿನವನು, ಮಾತು ಕಡಿಮೆ, ಲಾರಿ ಓಡಿಸಿ ಅಭ್ಯಾಸವಿದ್ದವನು, ಬೋಟನ್ನೂ ಅಷ್ಟಿಷ್ಟು ಓಡಿಸಿದ್ದವನು. ಅಕ್ಕಾ ಎಂದು ತಲೆಯಾಡಿಸಿ, ಇಸ್ತ್ರಿ ಮಾಡಿದ ಶರಟು ಕೊಳೆಯಾಗದ ಹಾಗೆ ನಿಂತ. ಅವಳು ಅಂಗೈಯ ನೂಲನ್ನು ತೋರಿಸಿ, ಕಟ್ಟಿಕೊಂಡಿದ್ದು ಇದು, ಸೋಸುವ ಬಟ್ಟೆಯಿಂದ ಬಂದದ್ದು, ಬಟ್ಟೆ ಕಟ್ಟಿದವಳು ನಾನೇ ಎಂದಳು. ಮುಚ್ಚುಮರೆ ಮಾಡಲಿಲ್ಲ, ಆಲಿಕೆ ನೀರಿಗೆ ಬಿದ್ದದ್ದನ್ನೂ ಹೇಳಿಬಿಟ್ಟಳು. ಅಣ್ಣನ ಮುಖ ಇನ್ನಷ್ಟು ಮೆತ್ತಗಾಯಿತು. ನೋಡು, ಅದಕ್ಕೇ ನಾನು ಹೇಳಿದ್ದು, ಅಂದ. ನಿನ್ನೆ ತಿರುಪಲ್ಲ ಅಣ್ಣ, ಲೆಕ್ಕ ಹಾಕಿ ನೋಡಿದೆ, ಏಳು ನಿಮಿಷ ಎಂದು ಅವಳು ಶುರುಮಾಡಿದ್ದನ್ನು ಅರ್ಧದಲ್ಲೇ ತಡೆದು, ಅದೆಲ್ಲ ಆಗಿಹೋಯ್ತು, ನಾನು ಹೊಟ್ಟೆಗೆ ಹಾಕ್ಕೊಂಡಿದೀನಿ, ನೀನೂ ಮನಸ್ಸಿಗೆ ಹಚ್ಕೋಬೇಡ ಎಂದು ಭುಜ ತಟ್ಟಿದ. ಅವಳಿಗೆ ಆ ಕೈಯನ್ನು ಎತ್ತಿ ನೀರಿಗೆ ಎಸೆಯುವಷ್ಟು ಸಿಟ್ಟು ಬಂತು. ಬೆಳಗಿನಿಂದ ಇಷ್ಟೆಲ್ಲ ಬಿಚ್ಚಿ, ತೊಳೆದು, ಅಳೆದು ಸಂಪಾದಿಸಿದ ಸತ್ಯವನ್ನು ಕೊಡಲು ಹೋದರೆ, ಇವನು ಕ್ಷಮೆಯನ್ನು ಕೈಗೆ ತುರುಕುತ್ತಿದ್ದಾನೆ. ಇವನಿಗೆ ಬೇಕಾದದ್ದು ಏಳೂ ಅಲ್ಲ, ಇಪ್ಪತ್ತೆರಡೂ ಅಲ್ಲ. ಅಷ್ಟು ತಿಳಿದ ಕೂಡಲೇ ಬೆಳಗಿನಿಂದ ಬೆನ್ನ ಮೇಲೆ ಕೂತಿದ್ದ ಭಾರ ಇಳಿಯಿತು.

ಒಂದು ಟ್ರಯಲ್ ನೋಡೋಣ, ಆ ದಡ ಮುಟ್ಟಿ ಬರೋಣ ಅಂದ ಅಣ್ಣ. ಅಣ್ಣನ ಭಾವಮೈದುನ ಹಿಂದೆ ಮೋಟಾರಿನ ಬಳಿ ಕೂತ, ಅಣ್ಣ ಅವನ ಪಕ್ಕ. ಅವಳು ಪ್ರಯಾಣಿಕರ ಹಾಗೆ ಮುಂದಿನ ಹಲಗೆಯಲ್ಲಿ ಕೂತಳು, ಮುಖ ಮಾತ್ರ ಹಿಂದಕ್ಕೆ. ಎರಡನೇ ಸಲ ಅಳೆದ ಮೇಲೆ ತಿರುಪನ್ನು ಬಿಗಿಯಾಗಿಯೇ ಬಿಟ್ಟಿದ್ದಳು, ಕಟ್ಟಿದ ಬೋಟಿನಲ್ಲಿ ಎಲ್ಲರೂ ಬಿಡುವ ಹಾಗೆ. ಓಡಿಸುವವನು ಹತ್ತಿದ ಕೂಡಲೇ ಮಾಡಬೇಕಾದ ಮೊದಲ ಕೆಲಸ ಅದು. ಅವನು ಬಲ್ಬು ಹಿಚುಕಿದ, ಚೋಕ್ ಎಳೆದ, ಹಗ್ಗ ಎಳೆದ. ಮುಚ್ಚಳದ ಕಡೆಗೆ ಅವನ ಕೈ ಹೋಗಲಿಲ್ಲ. ಒಂದು ಮಾತು ಆಡಿದ್ದರೆ ಸಾಕಿತ್ತು. ಅವಳು ಆಡಲಿಲ್ಲ. ಇದು ಮೋಸವಲ್ಲವೇ, ಎಂದು ಒಳಗಿನಿಂದ ಯಾರೋ ಕೇಳಿದರು. ಹುಟ್ಟು ಬೋಟಿನಲ್ಲೇ ಇದೆ, ಗಾಳಿಯಿಲ್ಲ, ಅಲೆಯಿಲ್ಲ, ಮೂವರಿಗೂ ಈಜು ಬರುತ್ತದೆ. ಮೋಸವಾದರೆ ಮೋಸವೇ ಆಗಲಿ ಎಂದು ಉತ್ತರ ಕೊಟ್ಟುಕೊಂಡಳು. ಬೋಟು ಚೆನ್ನಾಗಿ ಓಡಿತು. ಭಾವಮೈದುನ ಅಣ್ಣನ ಕಡೆ ನೋಡಿ ಮುಗುಳ್ನಕ್ಕ, ಅಣ್ಣ ಅವಳ ಕಡೆ ನೋಡಿ, ನೋಡಿದ್ಯಾ ಅನ್ನುವ ಹಾಗೆ ಹುಬ್ಬು ಹಾರಿಸಿದ. ಅವಳೂ ನಕ್ಕಳು. ಟ್ಯಾಂಕಿನ ತಗಡು ಟಕ್ಕೆಂದಿತು. ಅದು ಅವಳೊಬ್ಬಳಿಗೇ ಕೇಳಿಸಿರಬೇಕು. ಸ್ವಲ್ಪ ಹೊತ್ತಿಗೆ ಮೋಟಾರು ಏದುಸಿರು ಬಿಟ್ಟು ನಿಂತಿತು.

ಭಾವಮೈದುನ ಗಾಬರಿಯಿಂದ ನಾಲ್ಕು ಸಲ ಹಗ್ಗ ಎಳೆದ. ಐದನೆಯದಕ್ಕೆ ಅಣ್ಣ ಅವನ ತೋಳು ಹಿಡಿದು ತಡೆದ.

"ಬಿಡೋ, ನೀನೇನು ಮಾಡ್ತೀಯ. ಮೋಟಾರೇ ಹಾಳಾಗಿದೆ, ಅಪ್ಪನ ಕಾಲದ್ದು. ಹೊಸದು ತರೋಣ."

ಅವಳು ಎದ್ದು, ಹಲಗೆ ಹಲಗೆ ದಾಟಿ ಹಿಂದಕ್ಕೆ ಬಂದಳು. ಭಾವಮೈದುನ ಸರಿದು ಜಾಗ ಕೊಟ್ಟ. ಮೋಟಾರನ್ನೂ ಮುಟ್ಟಲಿಲ್ಲ, ಟ್ಯಾಂಕನ್ನೂ ಮುಟ್ಟಲಿಲ್ಲ, ಕೈಕಟ್ಟಿ ಕೂತಳು.

"ಅಣ್ಣ, ಇವನನ್ನ ಕೇಳು."

"ಏನಂತ ಕೇಳಲಿ?"

"ನಿನ್ನೆ ನನ್ನನ್ನ ಕೇಳಿದ್ದನ್ನೇ."

ಅಣ್ಣ ಮೊದಲು ಅರ್ಥವಾಗದವನ ಹಾಗೆ ನೋಡಿದ. ಆಮೇಲೆ ಅರ್ಥವಾಗಿ ಮುಖ ಆಚೆ ತಿರುಗಿಸಿದ. ಅದೆಲ್ಲ ಈಗ ಯಾಕೆ, ಮೊದಲು ಸ್ಟಾರ್ಟ್ ಮಾಡು, ಊಟದ ಹೊತ್ತಿಗೆ ಮನೆ ಸೇರಬೇಕು ಅಂದ. ಕೇಳುವ ತನಕ ಹಗ್ಗಕ್ಕೆ ಕೈ ಹಾಕುವುದಿಲ್ಲ, ಬೇಕಾದರೆ ಹುಟ್ಟು ಹಾಕಿಕೊಂಡು ಹೋಗಿ ಅಂದಳು ಅವಳು. ದನಿ ಏರಲಿಲ್ಲ. ಅವಳಿಗೇ ಆಶ್ಚರ್ಯವಾಗುವಷ್ಟು ಸಮಾಧಾನವಿತ್ತು. ಬೋಟು ತನ್ನ ಪಾಡಿಗೆ ತಾನು ಮೆಲ್ಲಗೆ ಅಡ್ಡ ತಿರುಗುತ್ತಿತ್ತು. ಅಣ್ಣ ಹುಟ್ಟನ್ನು ನೋಡಿದ, ದಡವನ್ನು ನೋಡಿದ, ತನ್ನ ಅಂಗೈಗಳನ್ನು ನೋಡಿಕೊಂಡ. ಕೊನೆಗೆ, ಹೆಂಡತಿಯ ತಮ್ಮನ ಕಡೆ ತಿರುಗದೆ ನೀರಿನ ಕಡೆಗೇ ಕೇಳಿದ:

"ಗಾಳಿತಿರುಪು ತೆಗೆದಿದ್ಯೇನೋ?"

ಅವನು ಬಾಯಿ ತೆರೆದ. ಅವನ ಬಲಗೈಯ ಎರಡು ಬೆರಳುಗಳು ಗಾಳಿಯಲ್ಲಿ ಏನನ್ನೋ ತಿರುಗಿಸಿ ನೋಡಿದವು. ಇವನ ಮುಖ ಬಾಡುವುದನ್ನು ನೋಡಿ ಖುಷಿಪಡುತ್ತೇನೆ ಎಂದುಕೊಂಡಿದ್ದಳು, ಖುಷಿಯಾಗಲಿಲ್ಲ. ನಿನ್ನೆ ಹನ್ನೊಂದು ಜನರ ಎದುರು ತನಗೆ ಬಾರದೆ ಹೋದ ಮಾತನ್ನು ಇವನು ಹೇಗೆ ಹೇಳುತ್ತಾನೆ ಎಂದು ಉಸಿರು ಬಿಗಿಹಿಡಿದು ಕಾದಳು.

"ನೆನಪಿಲ್ಲ ಭಾವ," ಅಂದ ಅವನು.

ಎಷ್ಟು ಸುಲಭದ ಮಾತು. ಪಾಪ ಅನ್ನಿಸಿತು ಅವಳಿಗೆ. ಜಾಗ ಬಿಟ್ಟುಕೊಡುವಷ್ಟು ಪಾಪ ಮಾತ್ರ ಅನ್ನಿಸಲಿಲ್ಲ.

"ಹೋಗ್ಲಿ ಬಿಡು," ಅಂದ ಅಣ್ಣ ಕೂಡಲೇ. "ಯಾರಿಗಾದ್ರೂ ಆಗುತ್ತೆ."

ಆಡಿದ ಮೇಲೆ ಆ ಮಾತು ಅವನಿಗೇ ಕೇಳಿಸಿತು. ಕತ್ತೆತ್ತಿ ತಂಗಿಯ ಮುಖ ನೋಡಿದ. ಅವಳು ಆ ನೋಟವನ್ನು ತಪ್ಪಿಸಿಕೊಳ್ಳಲಿಲ್ಲ, ಅವನೇ ತಪ್ಪಿಸಿಕೊಳ್ಳುವ ತನಕ ನೋಡಿದಳು. ನಿನ್ನೆಯ ತಿರುಪು ತೆರೆದೇ ಇತ್ತು ಎಂದು ಈಗ ಹೇಳಬಹುದಿತ್ತು, ಈಗ ಹೇಳಿದ್ದರೆ ಅವನು ಕೇಳಿಸಿಕೊಳ್ಳುತ್ತಿದ್ದ. ಹೇಳಬೇಕು ಅನ್ನಿಸಲಿಲ್ಲ. ನಿನ್ನೆ ನಿಜಕ್ಕೂ ಮರೆತಿದ್ದರೂ ತಾನು ಈ ಜಾಗ ಬಿಡುತ್ತಿರಲಿಲ್ಲ ಅನ್ನುವುದು ಅವಳಿಗೆ ಗೊತ್ತಾಗಿತ್ತು.

"ಇಬ್ರೂ ಮುಂದೆ ಹೋಗಿ ಕೂತ್ಕೊಳ್ಳಿ, ಹಿಂದೆ ಭಾರ ಜಾಸ್ತಿಯಾಗಿದೆ," ಅಂದಳು. "ನಾಳೆ ಎಂಟು ಗಂಟೆ ಟ್ರಿಪ್ಪು ನಾನೇ ಓಡಿಸೋದು. ಹೊಸ ಮೋಟಾರು ಬಂದ್ರೂ ನಾನೇ."

ಮೊದಲು ಭಾವಮೈದುನ ಎದ್ದ. ಅಣ್ಣ ಇನ್ನೂ ಸ್ವಲ್ಪ ಹೊತ್ತು ಕೂತಿದ್ದು, ಆಮೇಲೆ ಬೋಟಿನ ಅಂಚು ಹಿಡಿದುಕೊಂಡು, ಬಗ್ಗಿ, ಒಂದೊಂದೇ ಹೆಜ್ಜೆಯಿಟ್ಟು ಮುಂದಕ್ಕೆ ಹೋದ. ಅವಳು ತಿರುಪನ್ನು ಎರಡು ಸುತ್ತು ಸಡಿಲಿಸಿದಳು. ಸುಯ್ಯೆಂದು ಗಾಳಿ ಒಳಗೆ ನುಗ್ಗಿ ಟ್ಯಾಂಕಿನ ತಗಡು ಉಬ್ಬಿತು. ಬಲ್ಬು ಹಿಚುಕಿ ಹಗ್ಗ ಎಳೆದಳು, ಮೋಟಾರು ಎದ್ದಿತು. ಅಣ್ಣ ಮುಂದಿನಿಂದ ತಿರುಗಿ, ವಾಪಸ್ಸು ಹೋಗೋಣ ಅನ್ನುವ ಹಾಗೆ ಜೆಟ್ಟಿಯ ಕಡೆಗೆ ಕೈ ತೋರಿಸಿದ. ಟ್ರಯಲ್ ಅಂದರೆ ಆ ದಡ ಮುಟ್ಟಿ ಬರುವುದು. ಅವಳು ಬೋಟನ್ನು ಶಾಲೆಯ ದಡಕ್ಕೆ ನೇರ ಮಾಡಿ ಪೂರ್ತಿ ವೇಗ ಕೊಟ್ಟಳು.